ಕಟ್ಟಿದ ಮೊಣಕಾಲು

ಆ ಕೋಣೆಯೊಳಗೆ ಒಂದೇ ಕಟ್ಟಳೆ: ಸ್ವರ ಪೂರ್ತಿ ಸಾಯುವವರೆಗೆ ಯಾರೂ ಮಿಸುಕಬಾರದು. ಮೀಟಿದ ತಂತಿಯ ನಾದ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಇದೆಯೋ ಇಲ್ಲವೋ ಎಂಬಂತಾಗಿ, ಕೊನೆಗೆ ಗೋಡೆಗೆ ಅಂಟಿಸಿದ ದಪ್ಪ ಸ್ಪಂಜಿನೊಳಗೆ ಇಂಗಿಹೋಗುವವರೆಗೆ ಉಸಿರನ್ನೂ ಅಳೆದು ಬಿಡಬೇಕು. ಪಿಸುವಿಗೆ ಇದೇನೂ ಕಷ್ಟದ ಕೆಲಸವಾಗಿರಲಿಲ್ಲ. ಬುದ್ಧಿ ಬಂದಾಗಿನಿಂದ ಅವಳು ಮಾಡಿಕೊಂಡು ಬಂದದ್ದೇ ಅದು. ಅವಳು ಆಡಿದ ಮಾತು ಪಕ್ಕದಲ್ಲಿ ಕೂತವರಿಗೂ ಅರ್ಧ ಮಾತ್ರ ಕೇಳುತ್ತದೆಂದು ಚಿಕ್ಕಪ್ಪ ಎಳವೆಯಲ್ಲೇ ಅವಳನ್ನು ಪಿಸು ಎಂದು ಕರೆಯತೊಡಗಿದ್ದರು. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಆಫೀಸಿನಲ್ಲೂ ಅದೇ ಹೆಸರು ನಿಂತುಬಿಟ್ಟಿತು.

ಅವಳಿದ್ದ ಚಿಕ್ಕ ಕಂಪನಿ ವಾದ್ಯಗಳನ್ನು ಕಂಪ್ಯೂಟರಿಗೆ ಇಳಿಸುತ್ತಿತ್ತು. ಒಂದು ವಾದ್ಯದ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ, ಮೆಲ್ಲಗೊಮ್ಮೆ ಜೋರಾಗೊಮ್ಮೆ ನುಡಿಸಿ ರೆಕಾರ್ಡ್ ಮಾಡಿಕೊಂಡು, ಅದನ್ನು ಕೀಬೋರ್ಡಿನ ಒಂದೊಂದು ಕೀಲಿಗೆ ಕಟ್ಟುವುದು. ಆಮೇಲೆ ಎಲ್ಲಿ ಕೂತವರಾದರೂ ಸರಿ, ಕೀಲಿ ಒತ್ತಿದರೆ ಆ ವಾದ್ಯ ಅವರ ಮೇಜಿನ ಮೇಲೆ ನುಡಿಯುತ್ತದೆ. ಈ ಸಲ ಇಳಿಸಬೇಕಾಗಿದ್ದದ್ದು ಪೆಡಲ್ ಸ್ಟೀಲ್ ಗಿಟಾರ್. ಅದನ್ನು ನುಡಿಸುವವರನ್ನು ಹುಡುಕಿ ಹುಡುಕಿ ಕಂಪನಿಯ ಒಡತಿ, ಎಲ್ಲರ ಬಾಯಲ್ಲಿ ಮೇಡಂ, ಸೋತು ಕೂತಿದ್ದಾಗ, "ನಮ್ಮ ಚಿಕ್ಕಪ್ಪ ನುಡಿಸ್ತಾರೆ" ಎಂದಿದ್ದಳು ಪಿಸು. ಯಾರೂ ಕೇಳದೆ ಅವಳಾಗಿಯೇ ಆ ಆಫೀಸಿನಲ್ಲಿ ಆಡಿದ ಮೊದಲ ಮಾತು ಅದು.

ಹೆಸರಿಗೆ ಗಿಟಾರ್, ನೋಡಲು ಹೊಲಿಗೆ ಮಷೀನಿನ ದಾಯಾದಿ. ನಾಲ್ಕು ಕಾಲಿನ ಮೇಲೆ ನಿಂತ ಉದ್ದ ಹಲಗೆ, ಅದರ ಮೇಲೆ ಹತ್ತು ತಂತಿ, ತಂತಿಗಳಡಿ ಸ್ವರದ ಜಾಗ ತೋರಿಸುವ ಅಡ್ಡಗೆರೆಗಳು. ಎಡಗೈಯಲ್ಲಿ ಉಕ್ಕಿನ ಬಾರ್ ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈ ಬೆರಳಿಗೆ ಲೋಹದ ಉಗುರು ತೊಟ್ಟು ಮೀಟಬೇಕು. ಕೈಯ ಕೆಲಸ ಅಷ್ಟಕ್ಕೇ ಮುಗಿಯಿತು. ಉಳಿದದ್ದೆಲ್ಲ ಕಾಲಿನದು. ಬಲಪಾದದಡಿ ಸದ್ದನ್ನು ಏರಿಸಿ ಇಳಿಸುವ ಪೆಡಲ್, ಎಡಪಾದದಡಿ ತಂತಿಗಳನ್ನು ಬಿಗಿಯುವ ಪೆಡಲ್‌ಗಳು, ಮೊಣಕಾಲುಗಳ ಅಕ್ಕಪಕ್ಕ ನೇತಾಡುವ ಲಿವರ್‌ಗಳು. ಲಿವರ್ ತಳ್ಳಿದರೆ ಹಲಗೆಯಡಿಯ ಕಡ್ಡಿಗಳು ತಮಗೆ ಸೇರಿದ ತಂತಿಯನ್ನಷ್ಟೇ ಮುಟ್ಟುತ್ತವೆ. ಮೂರು ಸ್ವರ ಒಟ್ಟಿಗೆ ನುಡಿಯುತ್ತಿರುವಾಗ ಎರಡು ನಿಂತಲ್ಲೇ ನಿಂತಿರುತ್ತವೆ, ಒಂದು ಮಾತ್ರ ಮೆಲ್ಲನೆ ಜಾರಿಹೋಗುತ್ತದೆ. ಅದನ್ನು ಕೇಳಿದವರು ಯಾಕೆಂದು ತಿಳಿಯದೆಯೇ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಾರೆ. ಚಿಕ್ಕಪ್ಪ ಹರೆಯದಿಂದಲೂ ಹೋಟೆಲಿನ ವಾದ್ಯಗೋಷ್ಠಿಯಲ್ಲಿ ಇದನ್ನು ನುಡಿಸಿದವರು. ಚಿಕ್ಕಮ್ಮ ಮನೆಯಲ್ಲಿ ಬಟ್ಟೆ ಹೊಲಿಯುವವರು. "ನಮ್ಮನೇಲಿ ಇಬ್ಬರೂ ಕಾಲಲ್ಲಿ ದುಡಿಯೋರು. ಅವರ ಕಾಲಿಗೆ ಚಪ್ಪಾಳೆ, ನನ್ನ ಕಾಲಿಗೆ ಬರೀ ನೋವು" ಎನ್ನುವುದು ಚಿಕ್ಕಮ್ಮನ ಹಳೆಯ ಮಾತು.

ಆ ವಾದ್ಯದ ಅಡಿಯಲ್ಲೇ ಕೂತು ಆಡಿ ಬೆಳೆದವಳು ಪಿಸು. ಕಡ್ಡಿಗಳು ಎಳೆದುಕೊಳ್ಳುವುದನ್ನು, ಚಿಕ್ಕಪ್ಪನ ಎಡ ಮೊಣಕಾಲು ಲಿವರಿಗೆ ಒರಗಿ ಮರಳುವುದನ್ನು ಗಂಟೆಗಟ್ಟಲೆ ನೋಡಿದ್ದಳು. ಕಲಿ ಬಾ ಎಂದು ಅವರು ಎಷ್ಟು ಸಲ ಕರೆದರೂ ಕಲಿಯಲಾಗಲಿಲ್ಲ. ಯಾರಾದರೂ ತನ್ನನ್ನು ನೋಡುತ್ತಿದ್ದಾರೆ ಎನ್ನಿಸಿದರೆ ಸಾಕು, ಅವಳ ಎಡಗಾಲು ತಾನಾಗಿ ಕುರ್ಚಿಯ ಕಾಲಿಗೆ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತಿತ್ತು. ಸುತ್ತಿಕೊಂಡ ಕಾಲಿನಿಂದ ಲಿವರ್ ತಳ್ಳುವುದು ಹೇಗೆ? ಪರೀಕ್ಷೆಯಲ್ಲಿ, ಇಂಟರ್‌ವ್ಯೂನಲ್ಲಿ, ಬಸ್ಸಿನ ಸೀಟಿನಲ್ಲಿ ಕೂಡ ಅದೇ ಗತಿ.

ರೆಕಾರ್ಡಿಂಗಿನ ಮೊದಲ ದಿನವೇ ತಕರಾರು ಬಂತು. ಚಿಕ್ಕಪ್ಪ ಸ್ವರ ಮೀಟುತ್ತಾರೆ, ಸ್ವರ ನೆಟ್ಟಗೆ ಹೋಗುತ್ತದೆ, ಇನ್ನೇನು ಸಾಯಬೇಕು ಎನ್ನುವಾಗ ಅವರ ಎಡ ಮೊಣಕಾಲು ತಾನಾಗಿ ಲಿವರಿಗೆ ಒರಗುತ್ತದೆ. ಆ ಲಿವರಿಗೆ ಸೇರಿದ ಎರಡು ತಂತಿಗಳಾದರೆ ಸ್ವರ ನಿಟ್ಟುಸಿರಿನಂತೆ ಅರ್ಧ ಮೆಟ್ಟಿಲು ಕೆಳಗಿಳಿದು ಮಲಗುತ್ತದೆ. ಗಾಜಿನಾಚೆಯಿಂದ ಮೇಡಂ ಮೈಕಿನಲ್ಲಿ, ಮತ್ತೆ ಇಳಿಯಿತು ಸಾರ್, ಮತ್ತೊಮ್ಮೆ, ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ನೆಟ್ಟನೆಯ ಸ್ವರ. ಬಗ್ಗಿಸುವುದು, ಜಾರಿಸುವುದು ಎಲ್ಲವನ್ನೂ ಆಮೇಲೆ ಲೆಕ್ಕ ಹಾಕಿ ಕಂಪ್ಯೂಟರಿನಲ್ಲೇ ಮಾಡುವವನೊಬ್ಬನಿದ್ದ. ದುಂಡು ಕನ್ನಡಕ, ರೆಪ್ಪೆ ಬಡಿಯದ ನೋಟ. ಹಾಗಾಗಿ ಅವನಿಗೆ ಗೂಬೆ ಎಂದು ಹೆಸರು. ಅವನಿಗೂ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ.

"ನಾನೆಲ್ಲಿ ಇಳಿಸ್ದೆ? ಮೊಣಕಾಲು ಇಳಿಸ್ತು" ಎಂದು ಚಿಕ್ಕಪ್ಪ ನಕ್ಕರು. "ಮನೆಗೆ ಬಂದೋರನ್ನ ಕೂತಲ್ಲಿಂದಲೇ ಹೋಗಿ ಬನ್ನಿ ಅಂತೀವಾ? ಬಾಗಿಲ ತನಕ ಹೋಗ್ತೀವಲ್ಲ. ಇದೂ ಅಷ್ಟೇ. ಅದಕ್ಕೆ ಮರ್ಯಾದೆ ಗೊತ್ತು, ನಾನು ಹೇಳಿದ್ರೂ ಕೇಳಲ್ಲ."

ನಾಲ್ಕಾರು ಸ್ವರ ಹಾಗೇ ಹಾಳಾದವು. ಕೊನೆಗೆ ಚಿಕ್ಕಪ್ಪನೇ, ಹಾಗಾದರೆ ಕಟ್ಟಿಹಾಕು ಇದನ್ನ, ತಂಟೆಕೋರ ಕರುವಿನ ಹಾಗೆ, ಎಂದರು. ಎಲ್ಲರೂ ನಕ್ಕರು. ಪಿಸು ಕತ್ತಿನಲ್ಲಿದ್ದ ಸ್ಕಾರ್ಫ್ ಬಿಚ್ಚಿದಳು. ಚಿಕ್ಕಮ್ಮ ಹೊಲಿದುಕೊಟ್ಟ ಹಸಿರು ಸ್ಕಾರ್ಫ್. ಎಷ್ಟೋ ವರ್ಷಗಳ ಮೇಲೆ ಮತ್ತೆ ಆ ವಾದ್ಯದಡಿ ಮಂಡಿಯೂರಿ, ಚಿಕ್ಕಪ್ಪನ ಎಡ ಮೊಣಕಾಲಿನ ಕೆಳಗೆ ಸುತ್ತಿ, ಕುರ್ಚಿಯ ಕಾಲಿಗೆ ಸೇರಿಸಿ ಗಂಟು ಹಾಕಿದಳು.

ಆಮೇಲೆ ಬಂದ ಸ್ವರಗಳೆಲ್ಲ ಸ್ಕೇಲಿಟ್ಟು ಎಳೆದ ಗೆರೆಗಳು. ಮೇಡಂ ಹಿಗ್ಗಿಹೋದರು. ಗಂಟು ಸಡಿಲವಾದೀತೆಂದು ಪಿಸು ಅಲ್ಲೇ ನೆಲದ ಮೇಲೆ ಕೂತಿದ್ದಳು. ಅವಳು ಕಂಡದ್ದು ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಪ್ರತಿ ಸ್ವರ ಸಾಯುವ ಹೊತ್ತಿಗೆ ಸ್ಕಾರ್ಫ್ ಬಿಗಿಯುತ್ತಿತ್ತು. ಮೊಣಕಾಲು ಬಾಗಿಲ ತನಕ ಹೋಗಲು ನೋಡುತ್ತಿತ್ತು, ಬಟ್ಟೆ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಳೆತ ಕಡಿಮೆಯಾಯಿತು. ಸಂಜೆಯ ಹೊತ್ತಿಗೆ, ಹಲಗೆಯ ಕೊನೆಯ ಅಡ್ಡಗೆರೆಗಳ ಹತ್ತಿರ ಬಂದಾಗ, ಬಟ್ಟೆ ಒಂದಿಷ್ಟೂ ಅಲುಗಲಿಲ್ಲ. ಕಲಿತುಕೊಂಡಿತು ಎಂದುಕೊಂಡಳು ಪಿಸು. ಗಂಟು ಬಿಚ್ಚಿದಾಗ ಚಿಕ್ಕಪ್ಪ ಏಳಲು ಹೋಗಿ ಮತ್ತೆ ಕೂತರು. ಜೋಮು ಹಿಡಿದಿದೆ ಎಂದು ತೊಡೆ ತಟ್ಟಿಕೊಂಡು ನಕ್ಕರು.

ಮುಂದಿನ ವಾರಗಳು ಸ್ವರಗಳನ್ನು ಕತ್ತರಿಸಿ ಜೋಡಿಸುವುದರಲ್ಲಿ ಕಳೆದವು. ಆ ಕೆಲಸ ಪಿಸುವಿಗೆ ಇಷ್ಟ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಯಾರೂ ಮಾತಾಡಿಸುವುದಿಲ್ಲ. ಎಲ್ಲ ಕಟ್ಟಿ ಮುಗಿಸಿ ಮೊದಲ ಸಲ ಕೀಲಿ ಒತ್ತಿದಾಗ ಸ್ವರ ಎದ್ದಿತು, ನೆಟ್ಟಗೆ ಹೋಯಿತು, ಸಾಯುವ ಮುಂಚೆ ಅರ್ಧ ಮೆಟ್ಟಿಲು ಇಳಿದು ಮಲಗಿತು. ಜೊತೆಗೆ ಬಹಳ ಸಣ್ಣಗೆ 'ಟಕ್' ಎಂದಿತು. ಲಿವರ್ ತನ್ನ ಕೊನೆ ಮುಟ್ಟಿದಾಗಿನ ಸದ್ದು.

ಪಿಸು ಹೆಡ್‌ಫೋನ್ ತೆಗೆದು ಅದನ್ನೇ ನೋಡುತ್ತ ಕೂತಳು. ರೆಕಾರ್ಡಿಂಗ್ ತೆರೆದು ನೋಡಿದಳು. ಸ್ವರ ನೆಟ್ಟಗೇ ಇತ್ತು, ಟಕ್ ಎಂಬುದೂ ಇರಲಿಲ್ಲ. ಕೀಲಿ ಒತ್ತಿದರೆ ಮತ್ತೆ ಇಳಿಯಿತು. ಒಮ್ಮೆ ಬೇಗ, ಒಮ್ಮೆ ತಡೆದು, ಒಮ್ಮೆ ಹೋಗಲೋ ಬೇಡವೋ ಎಂಬಂತೆ. ಗೂಬೆಯನ್ನು ಕರೆದಳು. ಅವನು ತಾನು ಬರೆದ ಲೆಕ್ಕವನ್ನೆಲ್ಲ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾಲಾಡಿ ತಲೆ ಕೆರೆದುಕೊಂಡ.

"ನಾನು ಬರೆದಿದ್ರಲ್ಲಿ ಇದಿಲ್ಲ ಕಣ್ರೀ."

"ನಾವು ರೆಕಾರ್ಡ್ ಮಾಡಿದ್ರಲ್ಲೂ ಇಲ್ಲ."

"ಮತ್ತೆ ಇದು ಎಲ್ಲಿದೆ?" ಎಂದ ಗೂಬೆ, ಮೊದಲ ಸಲ ರೆಪ್ಪೆ ಬಡಿದು.

ಮೇಡಂ ಬಂದು ಕೇಳಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದರು. ಬೇರೆ ಕಂಪನಿಗಳು ಮಾಡಿದ ಸ್ಟೀಲ್ ಗಿಟಾರುಗಳೆಲ್ಲ ಹೆಣದ ಹಾಗೆ ನುಡಿಯುತ್ತವೆ, ಇದೊಂದು ಉಸಿರಾಡುತ್ತಿದೆ, ಯಾರೂ ಮುಟ್ಟಕೂಡದು ಎಂದರು. ಪರೀಕ್ಷಿಸಿ ನೋಡಲು ಬೇರೆ ಬೇರೆ ಊರಿನ ಮೂವರು ಸಂಗೀತಗಾರರಿಗೆ ಅದು ಹೋಯಿತು. ಮುಂದಿನ ತಿಂಗಳ ಮೊದಲ ದಿನ ಎಲ್ಲರಿಗೂ ಬಿಡುಗಡೆ ಎಂದು ಜಾಹೀರಾತೂ ಆಯಿತು.

ಆ ವಾರದ ರಜೆಯಲ್ಲಿ ಪಿಸು ಚಿಕ್ಕಪ್ಪನ ಮನೆಗೆ ಊಟಕ್ಕೆ ಹೋದಳು. ಬಾಗಿಲು ತೆರೆದ ಚಿಕ್ಕಮ್ಮನ ಮುಖ ನೋಡಿದಾಗಲೇ ಏನೋ ಸರಿಯಿಲ್ಲ ಎನ್ನಿಸಿತು. ವಾದ್ಯದ ಮೇಲೆ ಮಡಿಸಿದ ಬೆಡ್‌ಶೀಟ್ ಹೊದಿಸಿತ್ತು. ರೆಕಾರ್ಡಿಂಗ್ ಆದ ದಿನದಿಂದ ಚಿಕ್ಕಪ್ಪ ಅದನ್ನು ನುಡಿಸಿರಲಿಲ್ಲ. ನುಡಿಸಲು ನೋಡಿದ್ದರು, ಆಗಿರಲಿಲ್ಲ. ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಆದರೆ ಲಿವರಿನ ಮುಂದೆ ಕೂತರೆ ಎಡ ಮೊಣಕಾಲು ಪಕ್ಕಕ್ಕೆ ಹೋಗುವುದಿಲ್ಲ. ಡಾಕ್ಟರು ಸುತ್ತಿಗೆಯಿಂದ ತಟ್ಟಿ, ಎಕ್ಸ್‌ರೇ ತೆಗೆಸಿ, ಈ ವಯಸ್ಸಿಗೆ ಇಂಥ ಮೊಣಕಾಲು ಸಿಗೋದೇ ಕಷ್ಟ ಎಂದು ಹೊಗಳಿ ಕಳಿಸಿದ್ದರು.

ಮೂವರೂ ಊಟಕ್ಕೆ ಕೂತರು. ಅರ್ಧ ಊಟವಾಗಿತ್ತು. ಲೋಟದೊಳಗಿನ ನೀರಿನ ಮೇಲೆ ಬಳೆಯಂಥ ಒಂದು ಸಣ್ಣ ಅಲೆ ಮೂಡಿತು. ಮತ್ತೊಂದು. ಮೇಜು ಮೆಲ್ಲಗೆ ಎಡಕ್ಕೆ ಒತ್ತಿಸಿಕೊಂಡಂತಾಗಿ ಬಿಟ್ಟಿತು. ಪಿಸು ಬಗ್ಗಿ ನೋಡಿದಳು. ಚಿಕ್ಕಪ್ಪನ ಎಡ ಮೊಣಕಾಲು ಮೇಜಿನ ಕಾಲಿಗೆ ಒರಗಿ, ಸ್ವಲ್ಪ ಹೊತ್ತು ಅಲ್ಲೇ ಇದ್ದು, ಮರಳುತ್ತಿತ್ತು. ಮೇಲೆ ಅವರ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತ್ತು.

"ಯಾರೋ ನುಡಿಸ್ತಿದಾರೆ" ಎಂದರು ಚಿಕ್ಕಪ್ಪ, ತಮಾಷೆಗೆಂಬಂತೆ. ಹಣೆಯ ಮೇಲೆ ಬೆವರಿತ್ತು. "ತಾಳ ಗೊತ್ತಿಲ್ಲ ಪಾಪ."

ಚಿಕ್ಕಮ್ಮ ನಗಲಿಲ್ಲ. ಮೂರು ದಿನದಿಂದ ಹೀಗೇ ಎಂದು ಹೇಳಿದರು. ಹೊಲಿಯುತ್ತ ಕೂತಾಗ ಪಕ್ಕದ ಕುರ್ಚಿ ಕಿರುಗುಡುತ್ತದೆ, ತಿರುಗಿ ನೋಡಿದರೆ ಕಾಲು ಹೋಗಿ ಬರುತ್ತಿರುತ್ತದೆ. ಒಂದು ಸಲವಂತೂ ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದರಂತೆ. "ಕೈಯೊಳಗೆ ಮೀನು ಒದ್ದಾಡಿದ ಹಾಗಿತ್ತು ಕಣೇ. ಇವರ ಕಾಲು ಅಂತ ಅನ್ನಿಸಲೇ ಇಲ್ಲ ನನಗೆ."

ಪಿಸು ಎತ್ತಿದ ತುತ್ತನ್ನು ತಟ್ಟೆಗೆ ಮರಳಿ ಇಟ್ಟಳು. ಮೂರು ದಿನದ ಹಿಂದೆಯೇ ಆ ಮೂವರಿಗೆ ವಾದ್ಯ ಕಳಿಸಿದ್ದು.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಬೇರೆ ಯಾರೂ ಬರುವ ಮುಂಚೆ ಗೂಬೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಚಿಕ್ಕಪ್ಪನ ಕಾಲು ನೋಡುತ್ತ ಇರಿ, ಹೋದಾಗ ಹೂಂ ಅನ್ನಿ, ಎಂದಳು. ಕೀಲಿ ಒತ್ತಿದಳು. ಸ್ವರ ಎದ್ದು, ಹೋಗಿ, ಇಳಿಯಿತು. ಅದು ಇಳಿದ ಗಳಿಗೆಗೆ ಸರಿಯಾಗಿ ಫೋನಿನೊಳಗಿಂದ ಚಿಕ್ಕಮ್ಮ ಹೂಂ ಎಂದರು. ಬೇರೆ ಕೀಲಿ ಒತ್ತಿದಳು; ಇಳಿಯುವ ಹೊತ್ತಿಗೆ ಹೂಂ. ಲಿವರಿಗೆ ಸೇರದ ತಂತಿಯ ಕೀಲಿ ಒತ್ತಿದಳು. ಫೋನಿನಲ್ಲಿ ಬರೀ ಗೋಡೆ ಗಡಿಯಾರದ ಸದ್ದು. ಗೂಬೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

"ತೆಗೆದುಬಿಡ್ಲಾ ಆ ಸ್ವರಗಳನ್ನ?" ಎಂದು ಕೇಳಿದ. ಪಿಸು ಹೌದೆಂದು ತಲೆಯಾಡಿಸಿದಳು. ಅವನು ಆ ಎರಡು ತಂತಿಯ ಸ್ವರಗಳನ್ನೆಲ್ಲ ಒಟ್ಟಿಗೆ ಬದಿಗೆ ಸರಿಸಿದ. ಫೋನಿನಲ್ಲಿ ಏನೋ ಭಾರವಾದದ್ದು ಬಿದ್ದ ಸದ್ದಾಯಿತು, ಆಮೇಲೆ ಚಿಕ್ಕಮ್ಮನ ಕೂಗು. ಕಿಟಕಿಯ ಹತ್ತಿರ ಹೋಗೋಣವೆಂದು ಎದ್ದಿದ್ದ ಚಿಕ್ಕಪ್ಪನ ಎಡಗಾಲು ಹಗ್ಗದಿಂದ ಜಾರಿದ ಒದ್ದೆ ಬಟ್ಟೆಯ ಹಾಗೆ ಕುಸಿದಿತ್ತು. ಗೂಬೆ ಎಲ್ಲವನ್ನೂ ವಾಪಸ್ ಇಟ್ಟ. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ, ಎದ್ದು ನಿಂತರು, ಗಾಯ ಏನಿಲ್ಲ ಎಂದರು. ಧ್ವನಿ ಅವರದೆಂದು ಗುರುತಾಗುವಂತಿರಲಿಲ್ಲ.

ಆವತ್ತಿಡೀ ಪಿಸು ಮಾನಿಟರ್ ನೋಡುತ್ತ ಕೂತಳು. ಅಳಿಸಿದರೆ ಕಾಲೇ ಹೋಗುತ್ತದೆ. ಬಿಟ್ಟರೆ, ಮೂರೇ ಮಂದಿ ಎಳೆದಾಗ ಹೀಗೆ. ಬಿಡುಗಡೆಯಾದ ಮೇಲೆ ಊರೂರಿನವರು ಒಟ್ಟಿಗೆ ಎಳೆದರೆ? ಗಂಟು ಹಾಕಿದ್ದು ತನ್ನ ಕೈ. ಸ್ಕಾರ್ಫ್ ಬಿಚ್ಚಿದ್ದೂ ತಾನೇ, ಆದರೆ ಬಿಚ್ಚಿದ್ದು ಕುರ್ಚಿಯಿಂದ ಮಾತ್ರ. ಆ ಸ್ವರಗಳು ಬಾಗಿಲ ತನಕ ಬರದ ಮೊಣಕಾಲಿಗಾಗಿ ಇನ್ನೂ ಹೊಸ್ತಿಲ ಹತ್ತಿರವೇ ನಿಂತಿವೆ. ಯಾರು ಕೀಲಿ ಒತ್ತಿದರೂ ಹೋಗಿ ಅದನ್ನು ಎಳೆದುಕೊಂಡು ಬರುತ್ತವೆ.

ಹಾಗೆಂದುಕೊಂಡಾಗಲೇ ಅವಳಿಗೆ ಹಾಳಾದ ಸ್ವರಗಳ ನೆನಪಾಯಿತು. ಕಟ್ಟುವ ಮುಂಚೆ ರೆಕಾರ್ಡ್ ಆಗಿ, ಇಳಿದು, ಬೇಡವೆಂದು ಬಿಸಾಕಿದ ಆ ನಾಲ್ಕಾರು. ಅವು ಕಸದ ಫೋಲ್ಡರಿನಲ್ಲಿ ಇನ್ನೂ ಇದ್ದವು. ಅವನ್ನು ತಂದು, ಅದೇ ಗೆರೆಗಳ ಕಟ್ಟಿದ ಸ್ವರಗಳನ್ನು ತೆಗೆದು, ಆ ಜಾಗದಲ್ಲಿ ಕೂರಿಸಿದಳು. ಮತ್ತೆ ಚಿಕ್ಕಮ್ಮನಿಗೆ ಫೋನ್ ಮಾಡಿ ಕೀಲಿ ಒತ್ತಿದರೆ ಸ್ವರ ಇಳಿಯಿತು. ಫೋನಿನಲ್ಲಿ ಚಿಕ್ಕಮ್ಮ ಹೂಂ ಎನ್ನಲಿಲ್ಲ. ಚಿಕ್ಕಪ್ಪ ಬೆಡ್‌ಶೀಟ್ ಸರಿಸಿ ವಾದ್ಯದ ಮುಂದೆ ಕೂತರು. ಫೋನಿನಲ್ಲೇ ಕೇಳಿಸಿತು: ಮೊದಲ ಕೆಲವು ಗೆರೆಗಳ ಮೇಲೆ ಸ್ವರ ಎದ್ದು, ಹೋಗಿ, ಮಲಗಿತು. ಅಲ್ಲಿಂದ ಮುಂದೆ ಬಾರ್ ಜಾರಿಸಿದರೆ ಮತ್ತೆ ಬರೀ ನೆಟ್ಟಗೆ.

"ಇಷ್ಟು ನಂದಾಯ್ತು. ಉಳಿದಿದ್ದು?" ಎಂದು ಕೇಳಿದರು ಚಿಕ್ಕಪ್ಪ.

ಉಳಿದದ್ದಕ್ಕೆ ಮತ್ತೆ ರೆಕಾರ್ಡಿಂಗ್ ಆಗಬೇಕಿತ್ತು, ಅದಕ್ಕೆ ಮೇಡಂ ಒಪ್ಪಬೇಕಿತ್ತು. ಅವರ ಕೋಣೆಯ ಬಾಗಿಲ ತನಕ ಹೋಗಿ ಪಿಸು ಎರಡು ಸಲ ಹಿಂದೆ ಬಂದಳು. ಮೂರನೆಯ ಸಲ ಗೂಬೆ ಬಾಗಿಲು ತಟ್ಟಿ ಅವಳನ್ನು ಒಳಗೆ ಬಿಟ್ಟು ತಾನು ಹೊರಗೇ ನಿಂತ. ಆ ಎರಡು ತಂತಿಗಳನ್ನು ಮತ್ತೆ ಮಾಡಬೇಕು ಎಂದಳು. ಮೇಡಂ ತಲೆಯೆತ್ತಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿರುವುದೇ ಆ ಎರಡು ತಂತಿ, ಅದಕ್ಕೇ ಕೈ ಹಾಕುವುದೆಂದರೆ ಏನು, ತಲೆ ಕೆಟ್ಟಿದೆಯೇ ಎಂದರು. ಪಿಸುವಿನ ಕಾಲಿಗೆ ಸುತ್ತಿಕೊಳ್ಳಲು ಅಲ್ಲಿ ಕುರ್ಚಿ ಇರಲಿಲ್ಲ.

"ಅದು ನಾವು ರೆಕಾರ್ಡ್ ಮಾಡಿದ್ದಲ್ಲ ಮೇಡಂ" ಎಂದಳು. ತನ್ನ ಧ್ವನಿ ಕೋಣೆಯ ಆಚೆ ಗೋಡೆಯವರೆಗೆ ಹೋದದ್ದು ಅವಳಿಗೇ ಕೇಳಿಸಿತು. "ನಾವು ಕೇಳಿದ್ದು ನೆಟ್ಟಗಿರೋದು. ಅವರು ಕೊಟ್ಟಿದ್ದೂ ಅಷ್ಟೇ. ಉಳಿದಿದ್ದನ್ನ ನಾವು ಕೇಳದೆ ತಗೊಂಡಿದೀವಿ. ಅದನ್ನ ಅವರ ಕೈಯಿಂದಲೇ ಇಸ್ಕೋತೀವಿ, ಒಂದು ದಿನ ಕೊಡಿ."

ಮೇಡಂ ಈಗ ತಲೆಯೆತ್ತಿದರು. ಅರ್ಥವಾಯಿತೋ ಇಲ್ಲವೋ, ರಜೆಯ ದಿನ ಬೇಕಾದರೆ ಮಾಡಿಕೊಳ್ಳಿ ಎಂದು ಸ್ಟುಡಿಯೋದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು.

ರಜೆಯ ದಿನ ಕಟ್ಟಡದಲ್ಲಿ ಲಿಫ್ಟಿನ ಸದ್ದೂ ಇರಲಿಲ್ಲ. ಪರೀಕ್ಷೆ ಮಾಡುತ್ತಿದ್ದ ಮೂವರಿಗೂ ಇವತ್ತು ಮುಟ್ಟಬೇಡಿ ಎಂದು ಗೂಬೆ ಹೇಳಿಟ್ಟಿದ್ದ. ಕೋಣೆಯೊಳಗೆ ವಾದ್ಯದ ಮುಂದೆ ಚಿಕ್ಕಪ್ಪ ಕೂತರು, ಅವರ ಹಿಂದೆ ಗೋಡೆಗೊರಗಿ ಚಿಕ್ಕಮ್ಮ. ಗಾಜಿನಾಚೆ ಕೀಬೋರ್ಡಿನ ಮುಂದೆ ಪಿಸು, ಅವಳ ಪಕ್ಕದಲ್ಲಿ ಗೂಬೆ. ಸ್ಪೀಕರ್ ಬಂದ್ ಮಾಡಿ ಅವಳಿಗೊಬ್ಬಳಿಗೇ ಕೇಳುವಂತೆ ಹೆಡ್‌ಫೋನ್ ಹಾಕಿದ್ದರು. ಮೊಣಕಾಲು ಚಿಕ್ಕಪ್ಪನ ಮಾತು ಕೇಳುವುದಿಲ್ಲ, ಕೀಲಿಯ ಮಾತು ಕೇಳುತ್ತದೆ. ಹಾಗಾಗಿ ಅವರು ಕೈಯಿಂದ ತಂತಿ ಮೀಟುವಾಗಲೇ ಇವಳು ಅದೇ ಸ್ವರದ ಕೀಲಿ ಒತ್ತಬೇಕು. ಕಾಲು ಹೋಗಬೇಕಾದ ಹೊತ್ತಿಗೆ ಹೋಗುತ್ತದೆ. ಇಬ್ಬರೂ ಸೇರಿ ಒಬ್ಬ ವಾದಕ. ಚಿಕ್ಕಪ್ಪ ಗಾಜಿನೊಳಗಿಂದ ಹುಬ್ಬು ಹಾರಿಸಿದರು.

"ಕೊನೆಗೂ ನುಡಿಸೋಕೆ ಕೂತೆಯಲ್ಲ" ಎಂದರು.

ಮೂರು ಜೊತೆ ಕಣ್ಣು ತನ್ನ ಮೇಲಿವೆ ಎಂದು ಪಿಸುವಿಗೆ ಗೊತ್ತಾಯಿತು. ಎಡಗಾಲು ಕುರ್ಚಿಯ ಕಾಲಿಗೆ ಸುತ್ತಿಕೊಂಡಿತು. ಇರಲಿ, ಇವತ್ತು ಬೇಕಾಗಿರುವುದು ಬೆರಳು ಮಾತ್ರ ಎಂದುಕೊಂಡಳು.

ಮೊದಮೊದಲು ತಪ್ಪಿತು. ಅವಳ ಬೆರಳು ಮುಂಚೆ ಹೋದರೆ ಸ್ವರ ಬೆಚ್ಚಿದಂತೆ ಇಳಿಯುತ್ತಿತ್ತು, ತಡವಾದರೆ ಅನಾಥವಾಗಿ ಸಾಯುತ್ತಿತ್ತು. ಆಮೇಲೆ ಅವರ ಹೆಗಲು ನೋಡುವುದನ್ನು ಕಲಿತಳು. ಮೀಟುವ ಮುಂಚೆ ಹೆಗಲು ಒಂದಿಷ್ಟು ಕೆಳಗೆ ಬರುತ್ತದೆ, ಅಲ್ಲಿಂದ ಲೆಕ್ಕ. ಸ್ವರ ಎದ್ದು, ಹೋಗಿ, ತೆಳ್ಳಗಾಗಿ, ಇನ್ನೇನು ಎನ್ನುವಾಗ ಗಾಜಿನಾಚೆ ಆ ಮೊಣಕಾಲು ನಿದ್ದೆಯಲ್ಲಿ ನಡೆಯುವವರಂತೆ ಎದ್ದು ಲಿವರಿಗೆ ಒರಗುತ್ತಿತ್ತು. ಸ್ವರ ಮಲಗುತ್ತಿತ್ತು. ಗೂಬೆ ಅದನ್ನು ಅಲ್ಲೇ ಕತ್ತರಿಸಿ, ಕಟ್ಟಿದ ಸ್ವರವನ್ನು ತೆಗೆದು, ಇದನ್ನು ಕೂರಿಸುತ್ತಿದ್ದ. ಕೂರಿಸಿದ ಕೂಡಲೇ ಚಿಕ್ಕಪ್ಪ ಅದೇ ಗೆರೆಯ ಮೇಲೆ ಒಬ್ಬರೇ ನುಡಿಸಿ ನೋಡಿ, "ಇದು ಬಂತು" ಎನ್ನುತ್ತಿದ್ದರು, ಸಂತೆಯಲ್ಲಿ ತಪ್ಪಿಹೋದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಣಿಸಿಕೊಳ್ಳುವವರ ಹಾಗೆ.

ಗೆರೆಗಳು ಮೇಲೇರಿದಂತೆ ಪಿಸುವಿಗೆ ಕೋಣೆ, ಗಾಜು, ನೋಡುವ ಕಣ್ಣುಗಳು ಎಲ್ಲ ಮರೆತುಹೋದವು. ಚಿಕ್ಕಪ್ಪನ ಮೊಣಕಾಲು ಹೋಗುವಾಗ ತನ್ನದೂ ಹೋಗಬೇಕೆನ್ನಿಸುತ್ತಿತ್ತು. ಸುತ್ತಿಕೊಂಡ ಕಾಲು ಬಿಡುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಎಳೆತ ಕಡಿಮೆಯಾಯಿತು. ಕೊನೆಯ ಗೆರೆಗೆ ಬರುವ ಹೊತ್ತಿಗೆ ಇಲ್ಲವೇ ಇಲ್ಲ ಎನ್ನುವಷ್ಟಾಗಿತ್ತು. ಅವಳ ಗಮನವೆಲ್ಲ ಗಾಜಿನಾಚೆ ಇತ್ತು.

ಕೊನೆಯ ಸ್ವರವೂ ಕೂತಿತು. ಗೂಬೆ ಕೀಬೋರ್ಡಿನ ವೈರು ಕಿತ್ತು ಪಕ್ಕಕ್ಕಿಟ್ಟ. ಚಿಕ್ಕಪ್ಪ ಬಾರ್ ಎತ್ತಿಕೊಂಡು, ಯಾರ ಸಹಾಯವೂ ಇಲ್ಲದೆ, ಹೋಟೆಲಿನಲ್ಲಿ ಕೊನೆಗೆ ದೀಪ ಆರಿಸುವ ಮುಂಚೆ ನುಡಿಸುತ್ತಿದ್ದ ನಿಧಾನದ ಒಂದು ತುಣುಕನ್ನು ನುಡಿಸಿದರು. ಮೊಣಕಾಲು ಹೋಯಿತು, ಬಂತು, ಹೋಯಿತು, ಬಂತು. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನು ಮೇಲೆ ಇದಕ್ಕೆ ಯಾರಾದರೂ ಹಗ್ಗ ತಂದರೆ ನನ್ನ ಕತ್ತರಿ ಇದೆ ಎಂದರು. ಪಿಸು ಎದ್ದು ಅವರ ಹತ್ತಿರ ಹೋಗಬೇಕೆಂದು ಕಾಲು ಬಿಡಿಸಿಕೊಂಡಳು, ಏಳಲು ಹೋಗಿ ಮತ್ತೆ ಕೂತಳು. ಜೋಮು ಹಿಡಿದಿತ್ತು. ತೊಡೆ ತಟ್ಟಿಕೊಂಡು ನಕ್ಕಳು.

ತಿಂಗಳ ಮೊದಲ ದಿನ ವಾದ್ಯ ಬಿಡುಗಡೆಯಾಯಿತು. ಮೇಡಂ ಎಲ್ಲರನ್ನೂ ಕರೆದು ಚಪ್ಪಾಳೆ ತಟ್ಟಿಸಿದರು. ಎಲ್ಲಿಯವರೋ ಎಲ್ಲೆಲ್ಲಿಯವರೋ ಅದನ್ನು ಇಳಿಸಿಕೊಳ್ಳುತ್ತಿದ್ದಾರೆಂದು ದೊಡ್ಡ ಪರದೆಯ ಮೇಲೆ ಕಾಣುತ್ತಿತ್ತು. ಹೆಸರು ಕರೆದಾಗ ಎಲ್ಲರೂ ತಿರುಗಿ ಪಿಸುವಿನ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ನಕ್ಕು, ಸಿಕ್ಕ ಸಂದಿಯಲ್ಲಿ ತನ್ನ ಮೇಜಿಗೆ ಮರಳಿ, ಫೋನ್ ಎತ್ತಿದಳು.

ಮೊದಲು ಚಿಕ್ಕಮ್ಮ ಸಿಕ್ಕರು. ಕಾಲು ಕಲ್ಲಿನ ಹಾಗೆ ನಿಂತಿದೆ, ಬೆಳಿಗ್ಗೆಯಿಂದ ಒಂದು ಸಲವೂ ತಾನಾಗಿ ಅಲುಗಿಲ್ಲ, ಅವರಿಗೆ ಬೇಕೆಂದಾಗ ಮಾತ್ರ ಹೋಗಿ ಬರುತ್ತಿದೆ ಎಂದರು. ಅವರ ಮಾತಿನ ಹಿಂದೆ ವಾದ್ಯ ನುಡಿಯುವುದು ಕೇಳಿಸುತ್ತಿತ್ತು. ಪಿಸು ಕಣ್ಣು ಮುಚ್ಚಿದಳು. ವಾದ್ಯ ನಿಂತಿತು, ಚಿಕ್ಕಪ್ಪ ಫೋನ್ ಇಸಿದುಕೊಂಡು ಏನೋ ತಮಾಷೆ ಮಾಡಿದರು. ಅವಳು ಬಗ್ಗಿ ಕೆಳಗೆ ನೋಡಿದಳು.

ಮೇಜಿನಡಿ ಅವಳ ಪ್ಯಾಂಟಿನ ಬಟ್ಟೆ ಮೊಣಕಾಲಿನ ಹತ್ತಿರ ಬಿಗಿಯುತ್ತಿತ್ತು. ಎಡಗಾಲು ಎಂದಿನಂತೆ ಕುರ್ಚಿಯ ಕಾಲಿಗೆ ಸುತ್ತಿಕೊಂಡಿತ್ತು. ಸುತ್ತಿಕೊಂಡಲ್ಲಿಂದಲೇ ಅದು ಎಡಕ್ಕೆ ಹೋಗಲು ನೋಡುತ್ತಿತ್ತು. ಬಿಟ್ಟಿತು. ಮತ್ತೆ ಬಿಗಿಯಿತು. ಆ ರಜೆಯ ದಿನ ಸ್ಟುಡಿಯೋದಲ್ಲಿ ಅವಳನ್ನು ಯಾರೂ ಬಟ್ಟೆಯಿಂದ ಕಟ್ಟಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ, ಪ್ರತಿ ಸ್ವರಕ್ಕೂ, ಅವಳೇ ತನ್ನ ಕಾಲನ್ನು ಹಿಡಿದು ಕೂತಿದ್ದಳು.

"ಯಾಕೆ ಉಸಿರು ಹಿಡ್ಕೊಂಡಿದೀಯ?" ಎಂದರು ಚಿಕ್ಕಪ್ಪ.

"ಯಾರೋ ನುಡಿಸ್ತಿದಾರೆ ಚಿಕ್ಕಪ್ಪ" ಎಂದಳು ಪಿಸು.

ಆಚೆ ಕಡೆ ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಅವರು ಮೆಲ್ಲಗೆ, ಅವಳ ಧ್ವನಿಯಷ್ಟೇ ಮೆಲ್ಲಗೆ, ಕೇಳಿದರು: "ಹೇಗೆ ನುಡಿಸ್ತಿದಾರೆ?"

ಪಿಸು 'ಕಟ್ಟಬೇಡ' ಎಂದು ತನಗೇ ಹೇಳಿಕೊಂಡು, ಬೆವರಿದ ಬೆರಳುಗಳಿಂದ ತನ್ನ ಕಾಲನ್ನು ಕುರ್ಚಿಯ ಕಾಲಿನಿಂದ ಬಿಡಿಸಿದಳು. ಬಿಟ್ಟ ಕೂಡಲೇ ಮೊಣಕಾಲು ತಾನಾಗಿ ಎದ್ದು ಎಡಕ್ಕೆ ಹೋಯಿತು. ಕಾಣದ ಲಿವರೊಂದಕ್ಕೆ ಒರಗಿ, ಎಲ್ಲೋ ಒಂದು ಸ್ವರ ಪೂರ್ತಿ ಮಲಗುವವರೆಗೆ ಕಾದು, ಮರ್ಯಾದೆಯಿಂದ ಮರಳಿ ಬಂತು.

"ಚೆನ್ನಾಗಿ ನುಡಿಸ್ತಿದಾರೆ" ಎಂದಳು.

ಅಷ್ಟರಲ್ಲಿ ಇನ್ನೊಬ್ಬರು ಶುರುಮಾಡಿದರು.